ಬೀಜಕ್ಕೆ ಇಟ್ಟ ಕೈ

ದೊಡ್ಡಉಳ್ಳಾರ್ತಿ ಕಾವಲಿನ ಅಂಚಿಗಿರುವ ಆ ಹಟ್ಟಿಯಲ್ಲಿ, ಮುಂಗಾರಿಗೆ ಶೇಂಗಾ ಬೀಜಕ್ಕೆ ಯಾರು ಕೈ ಇಡಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವಳು ದುರುಗಕ್ಕ. ಪಂಚಾಯಿತಿ ಮೆಂಬರುಗಳು ಬದಲಾದರು, ಡಾಂಬರು ರಸ್ತೆ ಬಂತು, ದನ ಮೇಯುತ್ತಿದ್ದ ಹುಲ್ಲುಗಾವಲಿಗೆ ಗೋಡೆ ಎದ್ದು ಅದರಾಚೆ ಸಂಶೋಧನೆಯ ಕಟ್ಟಡಗಳು ನಿಂತವು. ಈ ಒಂದು ಅಧಿಕಾರ ಮಾತ್ರ ಅವಳಲ್ಲೇ ಉಳಿದಿತ್ತು. ಅವಳ ಅತ್ತೆಯಿಂದ ಅವಳಿಗೆ ಬಂದದ್ದು ಅದು. ಅತ್ತೆಗೆ ಅವರ ಅತ್ತೆಯಿಂದ.

ಪದ್ಧತಿ ಹೀಗಿತ್ತು. ಬಿತ್ತನೆಯ ದಿನ ಬೆಳಗ್ಗೆ ಅಂಗಳದಲ್ಲಿ ಗೋಣಿತಾಟು ಹಾಸಿ, ಸುಲಿದ ಶೇಂಗಾ ಬೀಜ ಸುರಿಯುತ್ತಿದ್ದರು. ಬಸುರಿ ಹೆಂಗಸೊಬ್ಬಳನ್ನು ಕರೆತಂದು ಕೂರಿಸಿ, ಮಡಿಲಿಗೆ ಕೊಬ್ಬರಿ ಬೆಲ್ಲ ಹಾಕುತ್ತಿದ್ದರು. ದುರುಗಕ್ಕ ಅವಳ ಎರಡೂ ಕೈ ಹಿಡಿದು ಬೀಜದೊಳಗೆ ಇಡುತ್ತಿದ್ದಳು. ಅಲ್ಲಿಂದ ಮುಂದೆ ಆ ರಾಶಿಯನ್ನು ಬಸುರಿಯೇ ಕಲಸಬೇಕು. ಹೊಟ್ಟೆಯಲ್ಲಿ ಜೀವ ಇರುವವಳು ಮುಟ್ಟಿದ ಬೀಜ ಹುಸಿಯಾಗುವುದಿಲ್ಲ ಎಂಬ ನಂಬಿಕೆ. ಕಲಸಿದ ಮೇಲೆ, ಮೊದಲ ಸಾಲಿನ ಬೀಜ ಮಣ್ಣಿಗೆ ಬಿತ್ತೆಂಬ ಸುದ್ದಿ ಹೊಲದಿಂದ ಬರುವವರೆಗೆ ಅವಳು ಕೈ ತೊಳೆಯುವಂತಿಲ್ಲ. ತೊಳೆದರೆ ಕೈಗುಣ ನೀರುಪಾಲು. ಹೊಲ ದೂರವಿದ್ದರೆ, ಟ್ರ್ಯಾಕ್ಟರ್ ಕೂರಿಗೆ ಸಿಗುವುದು ತಡವಾದರೆ, ಹೊತ್ತು ನೆತ್ತಿಗೆ ಬರುತ್ತಿತ್ತು. ಅಷ್ಟರಲ್ಲಿ ಬಸುರಿಗೆ ಹಸಿವಾದರೆ ಬೇರೆಯವರು ತುತ್ತು ಮಾಡಿ ಬಾಯಿಗಿಡುತ್ತಿದ್ದರು.

ದುರುಗಕ್ಕ ಬಸುರಿಯಾಗಿದ್ದ ಕಾಲಕ್ಕೆ ಬೀಜಕ್ಕೆ ಬೆರೆಸುತ್ತಿದ್ದುದು ಒಲೆಯ ಬೂದಿ, ಗಂಜಲ, ಹುತ್ತದ ಮಣ್ಣು. ಅವಳು ಪ್ರತಿ ಬಸುರಲ್ಲೂ ಹಟ್ಟಿಯ ಬೀಜ ಕಲಸಿದಳು; ಹೆತ್ತ ಐದರಲ್ಲಿ ಐದೂ ಉಳಿದವು. ಕೈಗುಣದ ಮಾತು ಬಂದಾಗ ಜನ ಅವಳ ಕಡೆ ಕೈ ತೋರಿಸುತ್ತಿದ್ದರು, ಅವಳೂ ಬೇಡವೆನ್ನುತ್ತಿರಲಿಲ್ಲ.

ಆಮೇಲೆ ಬೂದಿ ಹೋಗಿ ಚಳ್ಳಕೆರೆ ಅಂಗಡಿಯ ಕೆಂಪು ಪುಡಿ ಬಂತು. ಬೇರು ಕೊಳೆಯಬಾರದು ಎಂದು ಅದು. ಅದರ ಹಿಂದೆಯೇ, ಬೇರು ತಿನ್ನುವ ಗೊಣ್ಣೆಹುಳಕ್ಕೆಂದು ಮೂಗಿಗೆ ಹೊಡೆಯುವ ಘಾಟಿನ ಒಂದು ಔಷಧಿಯೂ ಬಂತು; ಹಟ್ಟಿಯವರು ಅದನ್ನು ಎಣ್ಣೆ ಎನ್ನುತ್ತಿದ್ದರು. ಬೆರೆಸುವ ವಸ್ತು ಬದಲಾಯಿತು, ಬೆರೆಸುವ ಪದ್ಧತಿ ಬದಲಾಗಲಿಲ್ಲ. ಮಾರುವವನು ಹೇಳಲಿಲ್ಲ, ಕೊಳ್ಳುವವನು ಕೇಳಲಿಲ್ಲ. ಪೊಟ್ಟಣದ ಹಿಂದೆ ಇರುವೆ ಸಾಲಿನಂಥ ಅಕ್ಷರ; ಅದರ ಕೆಳಗೆ ಒಂದು ಕೈಯ ಚಿತ್ರ. ಕೈಗವಸು ತೊಟ್ಟ ಕೈ ಅದು. ಗವಸನ್ನೇ ಕಂಡಿರದ ದುರುಗಕ್ಕನಿಗೆ ಅದು ಬರೀ ಕೈಯಾಗಿ ಕಂಡಿತು.

"ನೋಡ್ರವ್ವಾ, ಕಂಪನಿಯೋರಿಗೂ ಗೊತ್ತೈತೆ, ಕೈಲೇ ಕಲಸ್ಬೇಕು ಅಂತ," ಎಂದು ಅವಳು ಅಂಗಳದ ಹೆಂಗಸರಿಗೆಲ್ಲ ಆ ಚಿತ್ರ ತೋರಿಸಿದ್ದಳು.

ಹಾಗೆ ಕೈ ಇಟ್ಟವರು ಹಲವರು. ಕರಿಯಕ್ಕನ ಮಗಳು ತವರಿಗೆ ಬಂದಿದ್ದಾಗ ಒಂದು ವರ್ಷ ಇಟ್ಟಳು. ಇನ್ನೊಂದೆರಡು ಮನೆಯ ಸೊಸೆಯಂದಿರು ಇಟ್ಟರು. ಕೊನೆಗೆ ದುರುಗಕ್ಕನ ಸ್ವಂತ ಸೊಸೆ ಶಾಂತಕುಮಾರಿಯ ಸರದಿ ಬಂತು.

ಶಾಂತಕುಮಾರಿ ಮೊಳಕಾಲ್ಮೂರಿನವಳು. ಕುಲದವರೇ, ಆದರೆ ಹೊಲ ಬಿಟ್ಟು ಕೂಲಿ ಮಗ್ಗಕ್ಕೆ ಕೂತ ಮನೆ. ತಂದೆ ಇಲ್ಲ, ತಾಯಿ ಯರ್ರಮ್ಮ ಮಗ್ಗದ ಮೇಲೇ ಮಗಳನ್ನು ಸಾಕಿದವಳು. ಹುಡುಗಿಯ ಮಾತಿನಲ್ಲಿ ಅರ್ಧ ತೆಲುಗು, ಕೈ ಮಾತ್ರ ರೇಷ್ಮೆಯಷ್ಟೇ ನುಣುಪು. ಒರಟು ಕೈಗೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಮಗ್ಗದವರು ಕೈಯನ್ನು ಜೋಪಾನ ಮಾಡುತ್ತಾರೆ. "ಇಂಥಾ ಕೈ ನಮ್ಮ ಹಟ್ಟೀಲೇ ಇಲ್ಲ," ಎಂದು ದುರುಗಕ್ಕ ಹೆಣ್ಣು ನೋಡಲು ಹೋದ ದಿನವೇ ಹೇಳಿದ್ದಳು.

ಮಗ ಹೊನ್ನೂರಸ್ವಾಮಿ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದ. ಲಾರಿ ಹೋದಲ್ಲಿ ಅವನೂ, ವರ್ಷವೆಲ್ಲ ಹೊರರಾಜ್ಯ. ಯುಗಾದಿಗೆ ಮನೆಗೆ ಬಂದರೆ ಒಂದು ತಿಂಗಳು ಇರುತ್ತಿದ್ದ. ಹಾಗಾಗಿ ಶಾಂತಕುಮಾರಿಗೆ ಮುಟ್ಟು ನಿಂತರೆ ಯುಗಾದಿಯ ನಂತರವೇ ನಿಲ್ಲಬೇಕು. ಬಿತ್ತನೆಯ ಹೊತ್ತಿಗೆ ಎರಡು ಮೂರು ತಿಂಗಳಾಗಿರಬೇಕು. ಇಡೀ ಹಟ್ಟಿಗೆ ಹೇಳಿ ಮಾಡಿಸಿದಂತೆ ಇತ್ತು.

ಮೊದಲ ವರ್ಷ ಅವಳು ಮನೆ ಮನೆ ಅಂಗಳದಲ್ಲಿ ಕೂತು ಬೀಜ ಕಲಸಿದಳು. ದಿನಕ್ಕೊಂದು ಮನೆ, ಕೆಲವು ದಿನ ಎರಡು. ಮೊಣಕೈವರೆಗೆ ಕೆಂಪು. ಪುಡಿ ಗಾಳಿಗೆ ಎದ್ದು ಕಣ್ಣುರೆಪ್ಪೆಗೆ ಕೂರುತ್ತಿತ್ತು.

"ಅತ್ತೆ, ಕೈ ಉರೀತೈತೆ. ತೊಳ್ಕಳ್ಳಲಾ?"

"ಬೀಜ ಮಣ್ಣಿಗೆ ಬೀಳ್ಲಿ ತಡಿಯವ್ವ."

ಹಾಗೆಂದು ದುರುಗಕ್ಕ ತಾನೇ ರೊಟ್ಟಿ ಮುರಿದು, ಪಲ್ಯ ಸುತ್ತಿ, ಸೊಸೆಯ ಬಾಯಿಗೆ ತುತ್ತಿಟ್ಟಳು. ಪಕ್ಕದ ಹೆಂಗಸರು ನೋಡಿ, ಅತ್ತೆಯೆಂದರೆ ಹೀಗಿರಬೇಕು ಎಂದರು. ಬಿತ್ತನೆ ಮುಗಿದು ಮೊಳಕೆ ಎದ್ದ ವಾರ ಶಾಂತಕುಮಾರಿಯ ಬಸುರು ಇಳಿಯಿತು. ಚೊಚ್ಚಲು ಕೆಲವೊಮ್ಮೆ ಹಾಗೆ ಎಂದುಕೊಂಡರು. ಎರಡನೆಯ ವರ್ಷವೂ ಹಾಗೇ ಆಯಿತು. ಮೂರನೆಯ ವರ್ಷ ಅವಳು ಬೀಜ ಕಲಸುವಾಗಲೇ ಎರಡು ಸಲ ಎದ್ದು ಹೋಗಿ ವಾಂತಿ ಮಾಡಿಕೊಂಡಳು. ಬಸುರಿಯ ವಾಂತಿ ಎಂದು ದುರುಗಕ್ಕ ನಿಂಬೆಹಣ್ಣು ಮೂಸಲು ಕೊಟ್ಟು ಮತ್ತೆ ಕೂರಿಸಿದಳು. ಆ ಸಲವೂ ಉಳಿಯಲಿಲ್ಲ.

ಮಾತು ಶುರುಮಾಡಿದವಳು ಎದುರುಮನೆಯ ಪೆದ್ದಣ್ಣನ ಹೆಂಡತಿ ಕೆಂಚಕ್ಕ. "ತನ್ ಕೂಸ್ನೇ ಉಳಿಸ್ಕಳ್ಳಾಕೆ ಬರ್ದ ಕೈ ನಮ್ಮ ಬೀಜ ಏನ್ ಉಳಿಸ್ತೈತೆ?" ಮಾತು ನೀರಿನ ಟ್ಯಾಂಕಿನ ಹತ್ತಿರ ಹುಟ್ಟಿ ಸಂಜೆಗೆ ಎಲ್ಲ ಮನೆಗೂ ತಲುಪಿತು. ಹಟ್ಟಿಯೇ ಮೆಚ್ಚಿದ್ದ ಕೈ ಕೆಟ್ಟ ಕೈಯಾಯಿತು. ಶಾಂತಕುಮಾರಿ ಎದುರು ಬಂದರೆ ಜನ ಬೀಜದ ಚೀಲದ ಬಾಯಿ ಮುಚ್ಚಿದರು. ದುರುಗಕ್ಕ ಸೊಸೆಯ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಕೆಟ್ಟದ್ದು ಕೈಯಲ್ಲದಿದ್ದರೆ ಮತ್ತೇನು ಎಂಬ ಪ್ರಶ್ನೆ ತನ್ನ ಕಡೆಗೇ ತಿರುಗುತ್ತಿತ್ತು. ತಾನೇ ಬಸ್ಸು ಹತ್ತಿಸಿ ಮೊಳಕಾಲ್ಮೂರಿಗೆ ಬಿಟ್ಟು ಬಂದಳು. "ಒಂದಿಷ್ಟ್ ದಿನ ಇದ್ದು ಸುಧಾರಿಸ್ಕ," ಅಂದಿದ್ದಳು. ಕರೆಯಲು ಮತ್ತೆ ಹೋಗಲಿಲ್ಲ. ಎರಡು ವರ್ಷವಾಯಿತು.

ಈ ಬೇಸಿಗೆಯಲ್ಲಿ ನಾಯಕನಹಟ್ಟಿ ಕಡೆಯಿಂದ ಮಗನಿಗೆ ಇನ್ನೊಂದು ಹೆಣ್ಣಿನ ಮಾತು ಬಂತು. ಹೊನ್ನೂರಸ್ವಾಮಿ ಫೋನಿನಲ್ಲಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಇಂಥದ್ದರಲ್ಲಿ ಮೌನವಾಗಿರುವ ಗಂಡಸರನ್ನು ಒಳ್ಳೆಯವರೆಂದು ಕರೆಯುವುದು ನಮ್ಮ ಕಡೆ ರೂಢಿ. ಹಟ್ಟಿಯ ಆಶಾ ಕಾರ್ಯಕರ್ತೆ ಗೀತಮ್ಮ ಮಾತ್ರ ದುರುಗಕ್ಕನ ಬೆನ್ನು ಬಿಡಲಿಲ್ಲ.

"ಅಕ್ಕ, ಇದ್ದ ಹೆಂಡ್ತೀನ ಬಿಡೋಕ್ ಮುಂಚೆ ಒಂದ್ ಸಲ ಚಳ್ಳಕೆರೆ ಡಾಕ್ಟ್ರ ಹತ್ರ ಮಾತಾಡು. ಆಮೇಲೆ ನಿನ್ನಿಷ್ಟ."

ಡಾಕ್ಟರು ನಡುವಯಸ್ಸಿನ ಹೆಂಗಸು. ಸೊಸೆಯೂ ಇಲ್ಲದೆ ಮಗನೂ ಇಲ್ಲದೆ ಗೀತಮ್ಮನ ಜೊತೆ ಅತ್ತೆ ಮಾತ್ರ ಬಂದದ್ದಕ್ಕೆ ಮೊದಲು ರೇಗಿದರು. ಆಮೇಲೆ, ಇದುವರೆಗೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು.

"ಮೂರು ಸಲ ಹೋಯ್ತು ಅಂತೀರಲ್ಲಮ್ಮ, ಯಾವ ಯಾವ ತಿಂಗಳಲ್ಲಿ?"

"ಮೂರೂ ಬಿತ್ತನೆ ಮುಗುದ್ ಮ್ಯಾಲೆ ಮೇಡಮ್ಮೋರೆ."

"ಮೂರೂ? ಬಿತ್ತನೆಯಲ್ಲಿ ಅವಳಿಗೆ ಏನು ಕೆಲಸ ಕೊಡ್ತಿದ್ರಿ?"

ದುರುಗಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. "ಭಾರ ಎತ್ತೋ ಕೆಲ್ಸ ಒಂದೂ ಕೊಟ್ಟಿಲ್ಲ ಕಣ್ರಿ. ಕುಂತಲ್ಲೇ ಕೆಲ್ಸ. ಹಟ್ಟಿ ಬೀಜ ಎಲ್ಲಾ ಅವಳ ಕೈಲೇ ಕಲಸ್ತಿದ್ವಿ. ಬಸುರಿ ಕೈ ಒಳ್ಳೇದು ಅಂತ. ಪುಡೀನೂ ಎಣ್ಣೇನೂ ಹಾಕಿ, ಮೊಣಕೈಮಟ ಕೈ ಹಾಕಿ, ಬೀಜ ಮಣ್ಣಿಗೆ ಬೀಳಾಗಂಟ ತೊಳೀದಂಗೆ..."

ಹೇಳುತ್ತ ಹೇಳುತ್ತ ಅವಳಿಗೆ ಡಾಕ್ಟರ ಮುಖ ಕಂಡಿತು. ಗೀತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದೂ ಕಂಡಿತು.

"ಯಾವ ಪುಡಿ? ಹೆಸರು ಗೊತ್ತಾ?"

ಗೊತ್ತಿರಲಿಲ್ಲ. ಗೀತಮ್ಮ ಮೊಬೈಲಿನಲ್ಲಿ ಯಾರಿಗೋ ಫೋನು ಮಾಡಿ ಪೊಟ್ಟಣದ ಫೋಟೋ ತರಿಸಿದಳು. ಡಾಕ್ಟರು ಅದನ್ನು ದೊಡ್ಡದು ಮಾಡಿ ಓದಿದರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಇಂಥ ಔಷಧಿಗಳಲ್ಲಿ ಕೆಲವು ಚರ್ಮದಿಂದಲೂ ಒಳಗೆ ಹೋಗುತ್ತವೆ, ಉಸಿರಿನಿಂದಲೂ ಹೋಗುತ್ತವೆ. ಮಗುವಿನ ಅಂಗಾಂಗ ಮೂಡುವುದು ಮೊದಲ ಮೂರು ತಿಂಗಳಲ್ಲಿ. ಆಗ ಬಸುರಿ ಇಂಥದ್ದರ ಹತ್ತಿರ ಸುಳಿಯಲೂಬಾರದು. ಗಂಡಸರಿಗೂ ಇದು ಒಳ್ಳೆಯದಲ್ಲ, ಬರಿಗೈಯಲ್ಲಿ ಸಿಂಪಡಿಸುವವರ ವೀರ್ಯಕ್ಕೂ ತೊಂದರೆಯಾಗಬಹುದು.

"ಅಂದ್ರೆ... ನಾನೇ?" ಎಂದಳು ದುರುಗಕ್ಕ.

"ಹಾಗೆ ಹೇಳಕ್ಕಾಗಲ್ಲಮ್ಮ. ಗರ್ಭ ಹೋಗೋದಕ್ಕೆ ನೂರು ಕಾರಣ ಇರ್ತವೆ. ಅವಳನ್ನ ನೋಡ್ಬೇಕು, ನಿಮ್ಮ ಮಗನ್ನೂ ಪರೀಕ್ಷೆ ಮಾಡ್ಬೇಕು. ಇದರಿಂದಲೇ ಹೋಯ್ತು ಅಂತ ನಾನು ಬರೆದು ಕೊಡಲ್ಲ."

"ಹಂಗಾರೆ ಇದ್ರಿಂದ ಅಲ್ಲ ಅಂತ ಹೇಳ್ರಿ."

"ಅದನ್ನೂ ಹೇಳಕ್ಕಾಗಲ್ಲ."

ಚಳ್ಳಕೆರೆಯಿಂದ ಹಟ್ಟಿಗೆ ಬರುವವರೆಗೆ ದುರುಗಕ್ಕ ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತಳು. ತಪ್ಪು ಎಂದು ತೀರ್ಪಾಗಿದ್ದರೆ ಅತ್ತು ಮುಗಿಸಬಹುದಿತ್ತು. ಅಲ್ಲವೆಂದಿದ್ದರೆ ಮಲಗಿ ನಿದ್ದೆ ಮಾಡಬಹುದಿತ್ತು. ಡಾಕ್ಟರು ಎರಡನ್ನೂ ಕೊಡಲಿಲ್ಲ. ಅವಳ ಕಿವಿಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ತೊಳ್ಕಳ್ಳಲಾ? ತೊಳ್ಕೋ ಅನ್ನಲು ಏನೂ ಖರ್ಚಿರಲಿಲ್ಲ. ಚೊಂಬು ನೀರು ಪಕ್ಕದಲ್ಲೇ ಇತ್ತು. ಹುಡುಗಿ ಕೇಳಿದ್ದಳು. ಬಾಯಿಬಿಟ್ಟೇ ಕೇಳಿದ್ದಳು.

ನಾಯಕನಹಟ್ಟಿಯವರಿಗೆ ಈಗ ಬೇಡ ಎಂದು ಹೇಳಿ ಕಳಿಸಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಗೀತಮ್ಮನ ಬಾಯಿಯನ್ನೂ ಕಟ್ಟಿದಳು: "ನನ್ ಬಾಯಲ್ಲೇ ಹೇಳ್ತೀನಿ, ಒಸಿ ತಡಿ." ಗೀತಮ್ಮ ತಡೆದಳು. ದುರುಗಕ್ಕ ಹೇಳಲಿಲ್ಲ. ಒಳ್ಳೆಯ ಮಳೆ ಬಿತ್ತು, ಹೊಲಗಳು ಹದಕ್ಕೆ ಬಂದವು.

ಆಗ ಪೆದ್ದಣ್ಣ ಬಂದ. ಮೊದಲಿನಿಂದಲೂ ದುರುಗಕ್ಕನನ್ನು ಕಂಡರೆ ನಗಾಡುವ ಮನುಷ್ಯ.

"ಏನಕ್ಕ, ಮಳೆ ಬಂದ್ರೂ ಮೂಲೆ ಹಿಡ್ದೀಯಾ? ನಾಡಿದ್ದು ಬೆಳಗ್ಗೆ ನಮ್ಮ ಅಂಗಳಕ್ಕೆ ಬಾ. ನಮ್ ಕಾವ್ಯಂಗೆ ತಿಂಗಳು ತಪ್ಪೈತೆ ಕಣಕ್ಕ. ಈ ಸಲ ಬೀಜದ ಕೈ ನಮ್ ಮನೇದು!"

ಕಾವ್ಯ ಅವನ ಹೊಸ ಸೊಸೆ, ಇಪ್ಪತ್ತೆರಡರ ಹುಡುಗಿ.

"ಪೆದ್ದಣ್ಣ," ಎಂದಳು ದುರುಗಕ್ಕ. "ಅವಳ ಕೈಲಿ ಔಷ್ದಿ ಮುಟ್ಟಿಸ್‌ಬ್ಯಾಡ. ಬಸುರಿಗೆ ಅದು ಆಗ್ಬರಲ್ಲಂತೆ. ಡಾಕ್ಟ್ರು ಅಂದ್ರು."

ಪೆದ್ದಣ್ಣನ ನಗು ಇಳಿಯಿತು. ಅವನು ಉತ್ತರ ಕೊಡುವ ಮೊದಲೇ ಎದುರುಮನೆಯ ಬಾಗಿಲಿನಿಂದ ಕೆಂಚಕ್ಕ ಕೊಟ್ಟಳು.

"ಇಷ್ಟ್ ವರ್ಷ ಆಗ್ಬರ್ತಿತ್ತು, ನಮ್ ಸೊಸೆ ಹೊಟ್ಟೆ ನಿಂತ ಕೂಡ್ಲೇ ಆಗ್ಬರಲ್ವಾ? ನಿನ್ ಮನ್ಯಾಗ ತೊಟ್ಲು ತೂಗ್ಲಿಲ್ಲ ಅಂತ ನಮ್ಮನೇದೂ ತೂಗ್ಬಾರ್ದಾ? ಹೊಟ್ಟೆಕಿಚ್ಚಿಗೂ ಒಂದ್ ಮಿತಿ ಬ್ಯಾಡ್ವಾ ಅಕ್ಕಯ್ಯ?"

"ಲೇ ಕೆಂಚಿ, ಸುಮ್ಕಿರು," ಎಂದ ಪೆದ್ದಣ್ಣ. ಆದರೆ ಹೆಂಡತಿಯ ಮಾತು ಅವನಿಗೂ ತಾಗಿತ್ತು. "ನೀನ್ ಬಂದ್ರೆ ಬಾ ಅಕ್ಕ. ಬರ್ದಿದ್ರೆ ಕೆಂಚಿನೇ ಕೈ ಇಡಿಸ್ತಾಳೆ," ಎಂದು ಹೊರಟುಹೋದ.

ದುರುಗಕ್ಕನಿಗೆ ಆಗ ಒಂದು ವಿಷಯ ಸ್ಪಷ್ಟವಾಯಿತು. ಡಾಕ್ಟರು ಹೇಳಿದರು ಎಂದರೆ ಈ ಜನ ನಂಬುವುದಿಲ್ಲ. ಅವರು ನಂಬುವಂಥ ಮಾತು ಅವಳ ಹತ್ತಿರ ಒಂದೇ ಇತ್ತು: ಶಾಂತಕುಮಾರಿಗೆ ತಾನು ಮಾಡಿದ್ದು. ಅದನ್ನು ಹಟ್ಟಿಯ ಮುಂದೆ ಇಡುವ ಮೊದಲು ಶಾಂತಕುಮಾರಿಯ ಮುಂದೆ ಇಡಬೇಕಿತ್ತು. ಮರುದಿನ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಹೋಗಿ ಮೊಳಕಾಲ್ಮೂರಿನ ಬಸ್ಸು ಹಿಡಿದಳು.

ಯರ್ರಮ್ಮನ ಮನೆಯ ಓಣಿಗೆ ಕಾಲಿಟ್ಟರೆ ಎರಡೂ ಕಡೆಯಿಂದ ಮಗ್ಗದ ಸದ್ದು. ಯರ್ರಮ್ಮ ಬಾಗಿಲಲ್ಲಿ ಕೂತು ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಬೀಗಿತಿಯನ್ನು ಕಂಡು ಎದ್ದೇಳಲಿಲ್ಲ.

"ಏಂ ವದಿನಾ, ಪೆಳ್ಳಿಗೆ ಕರಿಯಾಕೆ ಬಂದ್ಯಾ? ನಿನ್ ಮಗಂದು ಎರಡ್ನೇ ಮದುವೆ ಅಂತಲ್ಲ, ನಮಗೂ ಸುದ್ದಿ ಬಂದೈತೆ. ರೇಷ್ಮೆ ಸೀರೆ ಬೇಕಾ? ನನ್ ಮಗಳೇ ನೇದು ಕೊಡ್ತಾಳೆ ತಗ."

"ಬೈಯ್ಯಿ ಯರ್ರಮ್ಮ. ಆಮೇಲೆ ಇನ್ನೂ ಬೈಯ್ಯೋದಿರ್ತೈತೆ. ಮೊದ್ಲು ಅವಳ ಹತ್ರ ಎರಡ್ ಮಾತಾಡ್ತೀನಿ."

ಶಾಂತಕುಮಾರಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಮೈ ಸ್ವಲ್ಪ ತುಂಬಿತ್ತು. ಅತ್ತೆಯನ್ನು ಕಂಡು ಲಾಳಿ ನಿಲ್ಲಿಸಿದಳು. ಗುಂಡಿಯಿಂದ ಮೇಲೆ ಬರಲಿಲ್ಲ. ದುರುಗಕ್ಕ ನೆಲದ ಮೇಲೆ ಅವಳ ಎದುರಿಗೇ ಕೂತಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಆ ಹೊತ್ತಿಗೆ ಕೈಕೊಟ್ಟವು. ಇದ್ದದ್ದನ್ನು ಇದ್ದಂತೆ ಹೇಳಿದಳು: ಡಾಕ್ಟರು ಕೇಳಿದ್ದು, ತಾನು ಹೆಮ್ಮೆಯಿಂದ ಉತ್ತರ ಕೊಟ್ಟದ್ದು, ಪೊಟ್ಟಣದ ಮೇಲಿನ ಕೈಯ ಚಿತ್ರ ಗವಸಿನದು ಎಂದು ಗೀತಮ್ಮ ತಿಳಿಸಿದ್ದು, ನಾಳೆ ಪೆದ್ದಣ್ಣನ ಸೊಸೆ ಕಾವ್ಯ ಬೀಜಕ್ಕೆ ಕೈ ಇಡಲಿರುವುದು.

"ನೀನು ಕೇಳ್ದೆ, ತೊಳ್ಕಳ್ಳಲಾ ಅಂತ. ನಾನು ಬ್ಯಾಡ ಅಂದೆ."

ರಾಟೆಯ ಸದ್ದು ನಿಂತಿತ್ತು. ಯರ್ರಮ್ಮ ಬಾಗಿಲಲ್ಲಿ ಎದ್ದು ನಿಂತು ಕೇಳುತ್ತಿದ್ದಳು.

ಶಾಂತಕುಮಾರಿ ಮಗ್ಗದ ಹಾಸಿನ ಎಳೆಯೊಂದನ್ನು ಬೆರಳಿನಿಂದ ಸರಿಮಾಡಿದಳು. "ಹಂಗಾದ್ರೆ ನಂದಲ್ವಾ ಅತ್ತೆ?"

ಹೌದು, ನಿನ್ನದಲ್ಲ ಎಂದುಬಿಡಬಹುದಿತ್ತು. ಹುಡುಗಿಗೆ ಬೇಕಾಗಿದ್ದುದೂ ಅದೇ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದ್ದರಿಂದಲೇ ಇಷ್ಟೆಲ್ಲ ಆಗಿತ್ತು.

"ಡಾಕ್ಟ್ರು ಇದ್ರಿಂದ್ಲೇ ಅಂತ ಅನ್ನಲ್ಲ, ಅಲ್ಲ ಅಂತಾನೂ ಅನ್ನಲ್ಲ. ನಿನ್ನೂ ಅವನ್ನೂ ನೋಡ್ಬೇಕಂತೆ. ಆದ್ರೆ ನಿನ್ ಕೈ ಕೆಟ್ಟದ್ದು ಅಂದಿದ್ದು ಸುಳ್ಳು. ಅದು ಸುಳ್ಳು ಅಂತ ನನಗೆ ಗೊತ್ತೈತೆ. ಅವರು ಅನ್ನೋವಾಗ ನಾನು ಸುಮ್ಕಿದ್ದೆ."

ಯರ್ರಮ್ಮ ಒಳಗೆ ಬಂದಳು. ಕೂಗಾಡುತ್ತಾಳೆಂದು ದುರುಗಕ್ಕ ಕಾದಳು. ಅವಳು ಕೂಗಲಿಲ್ಲ. "ಮಗ್ಗಕ್ಕೆ ಕೂರೋಕ್ ಮುಂಚೆ ಕೈ ತೊಳೀದಿದ್ರೆ ಮಾಲೀಕರು ಒಳಗೇ ಬಿಡಲ್ಲ, ರೇಷ್ಮೆ ಹಾಳಾಗ್ತದೆ ಅಂತ. ರೇಷ್ಮೆಗಿರೋ ಬೆಲೆ ನನ್ ಮಗಳಿಗೆ ನಿಮ್ ಹಟ್ಟೀಲಿ ಇರ್ಲಿಲ್ಲ," ಎಂದಷ್ಟೇ ಹೇಳಿ ಮತ್ತೆ ಹೊರಗೆ ಹೋದಳು.

ಶಾಂತಕುಮಾರಿ ಲಾಳಿ ಕೈಗೆತ್ತಿಕೊಂಡಳು. "ಇಲ್ಲಿಗೆ ಬಂದು ನಮ್ಮವ್ವನ ಮುಂದೆ ಹೇಳಿದ್ರೆ ಏನ್ ಬಂತು ಅತ್ತೆ? ನನ್ ಕೈ ಕೆಟ್ಟದ್ದು ಅಂತ ಇಲ್ಲಿ ಯಾರೂ ಅಂದಿಲ್ಲ. ಬೀಜದ ತಾಟಿನ ಮುಂದೆ ಹೇಳು. ಚೀಲ ಮುಚ್ಕಂಡ್ರಲ್ಲ, ಅವರ ಮುಂದೆ."

"ಹೇಳ್ತೀನಿ."

"ಹೇಳಿದ್ ಮ್ಯಾಲೆ ಫೋನ್ ಮಾಡು. ಈಗ ಊಟ ಮಾಡ್ಕೊಂಡು ಹೋಗು."

ಊಟ ಬಡಿಸಿದವಳು ಯರ್ರಮ್ಮ. ಮುಖ ನೋಡದೆ ಬಡಿಸಿದಳು. ದುರುಗಕ್ಕ ತಟ್ಟೆಯ ಮುಂದೆ ಕೂತು ತನ್ನ ಕೈಯಿಂದ ತುತ್ತು ಮಾಡಿದಳು. ಅದನ್ನು ಬಾಯಿಗಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಪೆದ್ದಣ್ಣನ ಅಂಗಳದಲ್ಲಿ ತಾಟು ಹಾಸಿತ್ತು. ಬೀಜ ಸುರಿದಿತ್ತು, ಅದರ ಮೇಲೆ ಕೆಂಪು ಪುಡಿ ಬಿದ್ದಿತ್ತು. ಕಾವ್ಯ ಹಸಿರು ಸೀರೆ ಉಟ್ಟು ಮಡಿಲಲ್ಲಿ ಕೊಬ್ಬರಿ ಬೆಲ್ಲ ಇಟ್ಟುಕೊಂಡು ಕೂತಿದ್ದಳು. ಹಟ್ಟಿಯ ಹೆಂಗಸರು ಸುತ್ತ ನೆರೆದಿದ್ದರು. ದುರುಗಕ್ಕನನ್ನು ಕಂಡು ಕೆಂಚಕ್ಕ ಮುಖ ಊದಿಸಿದರೂ ಜಾಗ ಬಿಟ್ಟಳು. ದುರುಗಕ್ಕ ಕಾವ್ಯಳ ಎರಡೂ ಕೈ ಹಿಡಿದುಕೊಂಡಳು. ಬೀಜದ ಕಡೆಗೆ ಒಯ್ಯಲಿಲ್ಲ. ಹಿಡಿದುಕೊಂಡೇ ಮಾತಾಡಿದಳು.

"ಎಲ್ಲಾರೂ ಕೇಳ್ರಿ. ನನ್ ಸೊಸೆ ಕೈ ಕೆಟ್ಟದ್ದಲ್ಲ. ನಾನು ಮೂರು ವರ್ಷ ಬಸುರಿ ಹುಡುಗಿ ಕೈಯ್ಯ ಈ ವಿಷದಾಗೆ ಇಡಿಸ್ದೆ. ಉರೀತೈತೆ, ತೊಳ್ಕಂತೀನಿ ಅಂದ್ಲು. ಬೀಜ ಮಣ್ಣಿಗೆ ಬೀಳ್ಲಿ ಅಂದೆ. ಮೂರು ಕೂಸೂ ಅದ್ರಿಂದ್ಲೇ ಹೋದ್ವೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ. ಆದ್ರೆ ಇಡಿಸ್ದೋಳು ನಾನು. ತವರಿಗೆ ಅಟ್ಟಿದ್ದೂ ನಾನು. ಅವಳ ಮ್ಯಾಲೆ ಮಾತು ಬಂದಾಗ ಬಾಯಿ ಬಿಡದಿದ್ದೋಳೂ ನಾನೇ. ಈ ಹುಡುಗಿ ಕೈಯ್ಯ ನಾನು ಇಡಿಸಲ್ಲ. ಕೆಂಚಕ್ಕ, ಹೊಟ್ಟೆಕಿಚ್ಚು ಅಂತೀಯಾ ಅನ್ನು. ನನ್ ಹೊಟ್ಟೇಲಿ ಕಿಚ್ಚು ಇರೋದು ನಿಜ, ನಿನ್ ಸೊಸೆ ಮ್ಯಾಲಲ್ಲ."

ಕೆಂಚಕ್ಕ ಮಾತಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಕಾವ್ಯ ಕೈ ಬಿಡಿಸಿಕೊಂಡು ಎದ್ದಳು. ಮಡಿಲಿನ ಕೊಬ್ಬರಿ ಬೆಲ್ಲ ನೆಲಕ್ಕೆ ಬಿದ್ದವು. "ನಾನು ಮುಟ್ಟಲ್ಲ ಮಾವ," ಎಂದು ಪೆದ್ದಣ್ಣನಿಗೆ ಹೇಳಿ ನೇರ ಒಳಗೆ ಹೋದಳು. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವ ಸದ್ದು ಹೊರಗೆ ಕೇಳಿಸಿತು.

ಮುಗಿಯಿತು ಎಂದು ದುರುಗಕ್ಕ ಎಣಿಸಿದ್ದಳು. ಗುಂಪಿನ ಹಿಂದಿನಿಂದ ಕರಿಯಕ್ಕ ಮುಂದೆ ಬಂದಳು. ಜಗಳವಾಡುವ ಹೆಂಗಸಲ್ಲ ಅವಳು. ದನಿ ಕೂಡ ಎತ್ತರಿಸಲಿಲ್ಲ.

"ಮತ್ತೆ ನನ್ ಮಗಳು, ದುರುಗಕ್ಕ? ಹೆರಿಗೆಗೆ ಮುಂಚೇನೇ ಕೂಸು ಒಳಗೇ ಹೋಯ್ತಲ್ಲ. ಆ ವರ್ಷ ಅವಳ ಕೈಯ್ಯ ಇಡಿಸಿದ್ದೂ ನೀನೇ ಅಲ್ವಾ?"

ದುರುಗಕ್ಕ ಇದನ್ನು ನೆನೆದಿರಲಿಲ್ಲ. ತನ್ನ ಸೊಸೆಯ ಲೆಕ್ಕದಲ್ಲೇ ಮುಳುಗಿ, ಉಳಿದ ಹೆಂಗಸರ ಕಡೆ ಅವಳ ಯೋಚನೆ ಹರಿದೇ ಇರಲಿಲ್ಲ. ಸುತ್ತಲ ಮುಖಗಳನ್ನು ನೋಡಿದಳು. ಇನ್ನೂ ಒಬ್ಬಿಬ್ಬರು ಬೆರಳು ಮಡಿಸುತ್ತ ಹಿಂದಿನ ವರ್ಷಗಳಿಗೆ ಹೋಗುತ್ತಿದ್ದುದು ಅವಳಿಗೆ ಕಂಡಿತು.

"ನಾನೇ ಕರಿಯಕ್ಕ."

"ಅದ್ರಿಂದ್ಲೇನಾ?"

"ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ."

"ಗೊತ್ತಿಲ್ಲ ಅಂದ್ರೆ ನಾನು ಅವಳಿಗೆ ಏನಂತ ಹೇಳ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕರಿಯಕ್ಕ ಮನೆಯ ಕಡೆ ನಡೆದಳು. ಹೆಂಗಸರು ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಅಂಗಳದಲ್ಲಿ ಉಳಿದವರು ಪೆದ್ದಣ್ಣ, ಕೆಂಚಕ್ಕ, ದುರುಗಕ್ಕ, ಕಲಸದ ಬೀಜ.

ಹೊಲದಲ್ಲಿ ಟ್ರ್ಯಾಕ್ಟರು ಕಾಯುತ್ತಿತ್ತು. ಪೆದ್ದಣ್ಣ ಯಾರನ್ನೋ ಬೈಯುತ್ತ ಒಂದು ಸಲಿಕೆ ತಂದ. ಮೂಗಿಗೆ ಟವೆಲು ಕಟ್ಟಿಕೊಂಡು ಬೀಜವನ್ನು ತಾನೇ ತಿರುವಿ ಹಾಕಿದ. ಕೆಂಚಕ್ಕ ನೆಲಕ್ಕೆ ಬಿದ್ದ ಕೊಬ್ಬರಿ ಹೋಳನ್ನು ಎತ್ತಿ ಒರೆಸಿದಳು. "ಇನ್ ಮ್ಯಾಲೆ ಯಾರೂ ನಿನ್ನ ಕರಿಯಲ್ಲ ಬಿಡು," ಎಂದಳು. ಅದರಲ್ಲಿ ಹಗೆ ಇರಲಿಲ್ಲ, ಇದ್ದ ಸಂಗತಿಯನ್ನು ಹೇಳುವ ದನಿ ಇತ್ತು. ಹಾಗೇ ಆಯಿತು. ಮುಂದಿನ ಮನೆಗಳವರು ಗಂಡಸರ ಕೈಗೆ ಸಲಿಕೆ ಕೊಟ್ಟರು. ಗೀತಮ್ಮ ಎಲ್ಲಿಂದಲೋ ತಂದ ರಬ್ಬರ್ ಗವಸುಗಳನ್ನು ಕೆಲವರು ತೊಟ್ಟರು, ಕೆಲವರು ನಕ್ಕು ಮೂಲೆಗೆಸೆದರು.

ಆ ಮಧ್ಯಾಹ್ನ ದುರುಗಕ್ಕ ಫೋನು ಮಾಡಿದಳು.

"ಯಾರ್ಯಾರಿದ್ರು?" ಎಂದಳು ಶಾಂತಕುಮಾರಿ.

ದುರುಗಕ್ಕ ಹೆಸರು ಹೇಳುತ್ತ ಹೋದಳು. ಆ ಕಡೆಯಿಂದ ಪ್ರತಿ ಹೆಸರಿಗೂ ಒಂದು ಹೂಂ ಬಂತು.

"ಕರಿಯಕ್ಕ ಏನಂದ್ಲು?"

ಅದನ್ನೂ ಹೇಳಿದಳು.

"ನೀನು ವಾಪಸ್ ಬಾ ಅಂತ ನಾನು ಕೇಳಲ್ಲ," ಎಂದಳು ದುರುಗಕ್ಕ. "ನಿನ್ ಗಂಡಂಗೆ ಎಲ್ಲಾ ಹೇಳಿದೀನಿ. ಅವನು ನಿಮ್ಮೂರಿಗೇ ಬರ್ತಾನಂತೆ. ಮನೆಯೊಳಗೆ ಬಿಡ್ತೀಯೋ ಬಿಡಲ್ವೋ ನಿನಗೆ ಬಿಟ್ಟಿದ್ದು."

"ಬರ್ಲಿ, ನೋಡಾನ. ಡಾಕ್ಟ್ರ ಹತ್ರ ಇಬ್ರೂ ಹೋಗ್ಬೇಕು ಅಂತ ಹೇಳು. ಅವನ್ನೂ ನೋಡ್ಬೇಕು ಅಂದ್ರಲ್ಲ." ಮತ್ತೆ ಕೇಳಿದಳು: "ಕಾವ್ಯ ಕೈ ತೊಳ್ಕಂಡ್ಲಾ?"

"ತೊಳ್ಕಂಡ್ಲು."

"ಸರಿ. ಮಗ್ಗ ನಿಂತೈತೆ, ಇಡ್ತೀನಿ."

ಬಿತ್ತನೆ ಮುಗಿದು ಏಳೆಂಟು ತಿಂಗಳಿಗೆ, ಕಾವ್ಯಳ ಮಗು ಬೇಸ್ತುವಾರದ ಸಂತೆಯ ದಿನ ಚಳ್ಳಕೆರೆ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು, ಗಟ್ಟಿಯಾಗಿತ್ತು. ಮನೆಗೆ ತಂದ ದಿನ ಕೆಂಚಕ್ಕ ತಾನೇ ಬಂದು ದುರುಗಕ್ಕನನ್ನು ಕರೆದಳು. ಹಳೆಯ ಮಾತು ಯಾರೂ ಎತ್ತಲಿಲ್ಲ. ಮಗುವನ್ನು ಮಡಿಲಿಗಿಟ್ಟರು. ಅದು ಅವಳ ಬೆರಳೊಂದನ್ನು ಹಿಡಿದು ಬಿಡಲಿಲ್ಲ, ಹೆಂಗಸರು ನಕ್ಕರು. ದುರುಗಕ್ಕನೂ ನಕ್ಕಳು. ಆದರೆ ಎಲ್ಲರಿಗೂ ಸಂತೋಷವಾಗಿದ್ದ ಆ ಮಗು ಅವಳಿಗೆ ಸಾಕ್ಷಿಯೂ ಆಗಿತ್ತು. ಔಷಧಿ ಮುಟ್ಟದವಳ ಮಗು ಉಳಿದಿತ್ತು. ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು, ಅದೂ ಅವಳಿಗೆ ಗೊತ್ತಿತ್ತು.

ಬೆರಳು ಬಿಡಿಸಿಕೊಂಡು ಮಗುವನ್ನು ತಾಯಿಗೆ ಕೊಟ್ಟು ಎದ್ದಳು. ಮನೆಗೆ ಹೋಗಲಿಲ್ಲ. ಕರಿಯಕ್ಕನ ಮಗಳು ತವರಿಗೆ ಬಂದಿದ್ದಾಳೆಂದು ಬೆಳಗ್ಗೆ ಕೇಳಿದ್ದಳು; ಅವಳಿಗೆ ಹೇಳಬೇಕಾದದ್ದನ್ನು ಇನ್ನೂ ಹೇಳಿರಲಿಲ್ಲ. ಆ ಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ದುರುಗಕ್ಕ ಹೊರಗೆ ನಿಂತು, ಕರಿಯಕ್ಕನನ್ನಲ್ಲ, ಮಗಳನ್ನೇ ಹೆಸರು ಹಿಡಿದು ಕೂಗಿದಳು.